ಕಂಬಗಳ ದ್ವೀಪ

ದ್ವೀಪವೆಂಬ ಮಾತಿನಲ್ಲಿಯೇ ಒಂದು ಮೋಹವಿದೆ. ನಮ್ಮ ಪುರಾಣಕಾರರು ಭೂಮಂಡಲವನ್ನು ಏಳು ದ್ವೀಪಗಳಾಗಿ ವಿಂಗಡಿಸಿ, ಅವುಗಳ ಸುತ್ತ ಉಪ್ಪುನೀರು, ಕಬ್ಬಿನಹಾಲು, ತುಪ್ಪ, ಮೊಸರುಗಳ ಕಡಲುಗಳನ್ನು ಹರಿಯಿಸಿದರು. ಮಕ್ಕಳು ಓದುವ ಸಾಹಸಕಥೆಗಳಲ್ಲಿಯೂ ಅಷ್ಟೆ. ಹಡಗು ಒಡೆದ ನಾವಿಕನೊಬ್ಬ ಯಾವುದಾದರೊಂದು ಬೆಂಕಿಬೆಟ್ಟದ ದ್ವೀಪಕ್ಕೆ ಬಂದು ಬೀಳದಿದ್ದರೆ ಕಥೆ ಮುಂದೆ ಸಾಗುವುದಿಲ್ಲ. ಇನ್ನು ಬಾದಾಮಿಯ ಸೀಮೆಯಲ್ಲಿ ಹುಟ್ಟಿ ಬೆಳೆದವರ ಪಾಡನ್ನು ಕೇಳುವುದೇ ಬೇಡ. ಮಹಾಕೂಟದ ಪುಷ್ಕರಿಣಿಯೇ ನಮಗೆ ಸಮುದ್ರ. ಅದರಲ್ಲಿ ಚತುರ್ಮುಖ ಲಿಂಗವನ್ನು ಹೊತ್ತು ನಿಂತ ಪುಟ್ಟ ಮಂಟಪವೇ ದ್ವೀಪ. ಅಗಸ್ತ್ಯ ಮಹರ್ಷಿಗಳು ಸಮುದ್ರವನ್ನೇ ಆಪೋಶನ ತೆಗೆದುಕೊಂಡ ಕಥೆಯನ್ನು ಆ ಹೊಂಡದ ಮೆಟ್ಟಿಲ ಮೇಲೆ ಕುಳಿತು ಕೇಳುವ ಹುಡುಗರು, ನಮ್ಮ ಕಡೆ ಕಡಲಿಲ್ಲದಿರುವುದಕ್ಕೆ ಅವರೇ ಕಾರಣರೆಂದು ತೀರ್ಮಾನಿಸಿದರೆ ಆಶ್ಚರ್ಯವಿಲ್ಲ.

ಬೆಂಕಿಯಿಂದ ಹುಟ್ಟಿದ ದ್ವೀಪವನ್ನು ಕಣ್ಣಾರೆ ಕಾಣಬೇಕೆಂಬ ಹಂಬಲವುಳ್ಳವರು ನಮ್ಮ ದೇಶದಲ್ಲಿ ಎಲ್ಲಿಗೆ ಹೋಗಬೇಕು? ಭೂಪಟವನ್ನು ಬಿಡಿಸಿದರೆ ಕೈಬೆರಳು ಮೊದಲು ಓಡುವುದು ಅಂಡಮಾನಿನ ಕಡೆಗೆ. ಅಲ್ಲಿಯ ರಾಜಧಾನಿಯಾದ ಶ್ರೀ ವಿಜಯಪುರಂ, ಎಂದರೆ 2024ರವರೆಗೆ ಪೋರ್ಟ್ ಬ್ಲೇರ್ ಎನಿಸಿಕೊಂಡಿದ್ದ ಊರಿನಿಂದ, ಸುಮಾರು 135 ಕಿಲೋಮೀಟರ್ ದೂರದಲ್ಲಿ ಬ್ಯಾರನ್ ದ್ವೀಪವಿದೆ. ಬರಡು ದ್ವೀಪವೆಂದೇ ಆ ಹೆಸರಿನ ಅರ್ಥ. ಅಗಲ ಮೂರು ಕಿಲೋಮೀಟರ್ ಇದ್ದೀತು. ಎತ್ತರ ಸಮುದ್ರಮಟ್ಟದಿಂದ ಸುಮಾರು 350 ಮೀಟರ್. ಆದರೆ ನಮಗೆ ಕಾಣುವುದು ನೆತ್ತಿಯೊಂದೇ. ಬೆಟ್ಟದ ಬುಡ ಕಡಲ ತಳದಲ್ಲಿ, ಎರಡು ಕಿಲೋಮೀಟರಿಗೂ ಮಿಕ್ಕಿದ ಆಳದಲ್ಲಿದೆ. 1787ರಿಂದ ಅದರ ಸಿಡಿತದ ದಾಖಲೆಗಳು ದೊರೆಯುತ್ತವೆ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಅದು ಕುಂಭಕರ್ಣನಂತೆ ಮಲಗಿತ್ತು. 1991ರಲ್ಲಿ ಎದ್ದು ಕುಳಿತಿತು. ಅಂದಿನಿಂದ ಆಗಾಗ ಹೊಗೆ ಬೂದಿಗಳನ್ನು ಉಗುಳುತ್ತಲೇ ಇದೆ. ನಮ್ಮ ದೇಶದಲ್ಲಿ ಇನ್ನೂ ಉಸಿರಾಡುತ್ತಿರುವ ಅಗ್ನಿಪರ್ವತ ಅದೊಂದೇ. ಅಲ್ಲಿ ಮನುಷ್ಯರ ವಾಸವಿಲ್ಲ. ನೋಡಲು ಹೋದವರು ಹಡಗಿನಲ್ಲಿ ಕುಳಿತು ಪ್ರದಕ್ಷಿಣೆ ಬಂದು ಹಿಂದಿರುಗಬೇಕಲ್ಲದೆ ಕಾಲಿಡುವಂತಿಲ್ಲ. ಗರ್ಭಗುಡಿಯ ದೇವರನ್ನು ಹೊರಗಿನಿಂದಲೇ ನೋಡಿ ಕೈಮುಗಿದಂತೆ.

ಕಾಲಿಟ್ಟು ನಡೆದಾಡಬಹುದಾದ ಅಗ್ನಿದ್ವೀಪ ಬೇಕೆನ್ನುವವರು ಅಷ್ಟು ದೂರ ಹೋಗಬೇಕಾಗಿಲ್ಲ. ಅದು ನಮ್ಮ ಕನ್ನಡನಾಡಿನಲ್ಲಿಯೇ ಇದೆ. ಉಡುಪಿಯ ಮಲ್ಪೆಯ ಬಂದರಿನಿಂದ ಸುಮಾರು ಆರು ಕಿಲೋಮೀಟರ್ ದೂರ, ಯಂತ್ರದ ದೋಣಿಯಲ್ಲಿ ಅರ್ಧ ಗಂಟೆಯ ಪಯಣ. ಸೇಂಟ್ ಮೇರೀಸ್ ದ್ವೀಪಗಳೆಂದು ಎಲ್ಲರೂ ಕರೆಯುವ ಈ ಸಾಲಿನಲ್ಲಿ ದೊಡ್ಡವು ನಾಲ್ಕು: ತೆಂಗಿನ ದ್ವೀಪ, ಉತ್ತರ ದ್ವೀಪ, ದರಿಯಾ ಬಹಾದೂರ್‌ಗಡ, ದಕ್ಷಿಣ ದ್ವೀಪ. ಮೂರನೆಯದರ ಹೆಸರಿನಲ್ಲಿಯೇ ಕೋಟೆ ಇದೆ. ಬಿದನೂರಿನ ಬಸಪ್ಪನಾಯಕನು ಅದನ್ನು ಕಟ್ಟಿಸಿದನೆಂದು ಹೇಳುತ್ತಾರೆ. ಪ್ರವಾಸಿಗಳು ಇಳಿಯುವುದು ತೆಂಗಿನ ದ್ವೀಪದಲ್ಲಿ. ಉದ್ದ ಅರ್ಧ ಕಿಲೋಮೀಟರ್, ಅಗಲ ನೂರು ಮೀಟರ್, ಅತಿ ಎತ್ತರದ ಜಾಗವೂ ನೀರಿನಿಂದ ಹತ್ತು ಮೀಟರಿನಷ್ಟು. ಅಂಕಿಗಳನ್ನು ಕೇಳಿ ‘ಇಷ್ಟೇ ಏನು?’ ಎನ್ನಬೇಡಿ. ಈ ದ್ವೀಪದ ದೂರವನ್ನು ಕಿಲೋಮೀಟರಿನಿಂದ ಅಳೆಯುವಂತಿಲ್ಲ. ಕೋಟಿ ವರ್ಷಗಳಿಂದ ಅಳೆಯಬೇಕು. ಆ ಮಾತಿಗೆ ಆಮೇಲೆ ಬರುತ್ತೇನೆ.

ಕಳೆದ ಜನವರಿಯಲ್ಲಿ ಕಾಲೇಜಿನ ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೋಗುವ ಯೋಗ ಒದಗಿತು. ಮಲ್ಪೆಯ ಬಂದರೆಂದರೆ ಮೀನಿನ ವಾಸನೆ, ಬಲೆಗಳ ರಾಶಿ, ಬಣ್ಣಬಣ್ಣದ ದೋಣಿಗಳ ಸಂತೆ. ಶ್ರೀಮಧ್ವಾಚಾರ್ಯರು ಬಿರುಗಾಳಿಗೆ ಸಿಕ್ಕಿದ್ದ ಹಡಗನ್ನು ರಕ್ಷಿಸಿ, ಗೋಪೀಚಂದನದ ಹೆಂಟೆಯಲ್ಲಿ ಅಡಗಿದ್ದ ಕೃಷ್ಣನ ವಿಗ್ರಹವನ್ನು ಪಡೆದುದು ಇದೇ ಕಡಲತೀರದಲ್ಲಿ ಎಂಬ ಐತಿಹ್ಯವನ್ನು ನೀವೆಲ್ಲ ಬಲ್ಲಿರಿ. ದೋಣಿ ದಡವನ್ನು ಬಿಟ್ಟು ತುಸು ದೂರ ಸಾಗಿದೊಡನೆ ನಮ್ಮ ಹುಡುಗರ ಹರಟೆ ನಿಂತಿತು. ಬಯಲುಸೀಮೆಯವರಿಗೆ ನಾಲ್ಕು ದಿಕ್ಕಿನಲ್ಲಿಯೂ ನೀರನ್ನು ನೋಡುವುದು ಅಭ್ಯಾಸವಿಲ್ಲ. ಅಷ್ಟರಲ್ಲಿ ಪಶ್ಚಿಮಕ್ಕೆ ತೆಂಗಿನ ಮರಗಳ ಗೊಂಚಲೊಂದು ನೀರಿನ ಮೇಲೆ ತೇಲುತ್ತಿರುವಂತೆ ಕಂಡಿತು; ಆ ಬಳಿಕ ಅದರ ಕೆಳಗೆ ಕಪ್ಪು ಅಂಚು; ಇನ್ನೂ ಹತ್ತಿರವಾದ ಮೇಲೆ ಆ ಅಂಚು ಕಂಬಗಳಾಗಿ ಒಡೆಯಿತು.

ಹೌದು, ಕಂಬಗಳು! ದ್ವೀಪವೆಂದರೆ ಇಲ್ಲಿ ಕಂಬಗಳ ಕಟ್ಟೇ ಹೊರತು ಬೇರೇನೂ ಅಲ್ಲ. ಕೆಲವು ಆಳೆತ್ತರ, ಕೆಲವು ಮೊಳದೆತ್ತರ. ಅತಿ ಎತ್ತರದವು ಆರು ಮೀಟರಿನಷ್ಟು. ಕೆಲವು ನೆಟ್ಟಗೆ ನಿಂತಿವೆ, ಕೆಲವು ವಾಲಿವೆ. ಒಂದಕ್ಕೊಂದು ಒತ್ತಿಕೊಂಡು, ನಡುವೆ ಕೂದಲು ಹಾಯುವಷ್ಟು ಸಂದಿಯನ್ನು ಉಳಿಸಿಕೊಂಡು, ಯಾರೋ ಅಳತೆ ಹಿಡಿದು ಜೋಡಿಸಿಟ್ಟಂತಿವೆ. ಮೇಲಿನಿಂದ ನೋಡಿದರೆ ಬಹುಪಾಲು ಷಟ್ಕೋನ; ಅಲ್ಲಲ್ಲಿ ಐದು ಮೂಲೆಯವು, ಏಳು ಮೂಲೆಯವೂ ಉಂಟು. ಅಲೆ ಬಂದು ಬಡಿದು ಕಂಬಗಳ ಸಂದಿಯಲ್ಲಿ ನುಗ್ಗಿ, ಬಿಳಿಯ ನೊರೆಯಾಗಿ ಸೋಸಿಕೊಂಡು ಹಿಂದಿರುಗುತ್ತದೆ. ಇನ್ನೊಂದು ಮಗ್ಗುಲಲ್ಲಿ ಮರಳಿಗೆ ಬದಲಾಗಿ ಕಪ್ಪೆಚಿಪ್ಪುಗಳ ಹಾಸು.

ನಮ್ಮ ದೋಣಿಯಲ್ಲಿಯೇ ಬಂದಿದ್ದ ಇಳಕಲ್ಲಿನ ಕಡೆಯ ಅಜ್ಜಿಯೊಬ್ಬರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಒಂದು ಕಂಬದ ಮೈಯನ್ನು ಸವರಿ ನೋಡಿದರು. ಐಹೊಳೆ ಪಟ್ಟದಕಲ್ಲುಗಳ ಕಂಬಗಳನ್ನು ಬಾಲ್ಯದಿಂದ ಕಂಡ ಕೈ ಅದು.

“ಯಾ ಶಿಲ್ಪಿ ಕಡದಾನ್ರೀ ಇವನ್ನ?”

“ಯಾರೂ ಕಡದಿಲ್ಲವ್ವಾ, ತಾವಽ ಒಡದಾವ,” ಎಂದೆ.

“ತಾವಽ ಒಡದ್ರ ಹಿಂಗ ಹದಾ ಹಿಡದು ಒಡೀತಾವೇನು?”

ಪ್ರಶ್ನೆ ಸಾಮಾನ್ಯವಾದುದಲ್ಲ. ಯೂರೋಪಿನ ಪಂಡಿತರೂ ಇದೇ ಪ್ರಶ್ನೆಯನ್ನು ಹಿಡಿದು ಬಹುಕಾಲ ವಾದಿಸಿದ್ದರು. ಉತ್ತರ ಐರ್ಲೆಂಡಿನ ಕಡಲ ದಂಡೆಯಲ್ಲಿ ಇಂಥವೇ ನಲವತ್ತು ಸಾವಿರ ಕಂಬಗಳಿವೆ; ದೈತ್ಯನೊಬ್ಬ ಸಮುದ್ರವನ್ನು ದಾಟಲು ಕಟ್ಟಿದ ಸೇತುವೆಯೆಂದು ಅಲ್ಲಿಯ ಜನ ಕಥೆ ಕಟ್ಟಿದರು. ‘ದೈತ್ಯನ ಹಾದಿ’ ಎಂದೇ ಅದಕ್ಕೆ ಹೆಸರು. ನಮ್ಮಲ್ಲಿ ಸೇತುವೆ ಕಟ್ಟುವ ಕೆಲಸ ವಾನರರ ಪಾಲಿಗೆ ಬಂದಿದ್ದರಿಂದ ಮಲ್ಪೆಯ ಕಂಬಗಳಿಗೆ ಆ ಕೀರ್ತಿ ದೊರೆಯಲಿಲ್ಲ.

ಅಜ್ಜಿಗೆ ಉತ್ತರ ಅವರ ಹೊಲದಲ್ಲಿಯೇ ಇತ್ತು. ಬೇಸಿಗೆಯಲ್ಲಿ ಎರೆಹೊಲ ಬಿರಿಯುವುದನ್ನು ನೋಡದವರು ನಮ್ಮ ಕಡೆ ಯಾರಿದ್ದಾರೆ? ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿದ ಮಣ್ಣು ಒಣಗಿದಂತೆಲ್ಲ ಕುಗ್ಗುತ್ತದೆ. ಕುಗ್ಗಲು ಜಾಗ ಸಾಲದೆ ಸೀಳುತ್ತದೆ. ಸೀಳುಗಳು ಒಂದನ್ನೊಂದು ಸಂಧಿಸಿ ಹೊಲದ ತುಂಬ ಮೂಲೆಮೂಲೆಯ ಹೆಂಟೆಗಳ ಜಾಲ ಮೂಡುತ್ತದೆ. ಕರುವಿನ ಕಾಲು ಸಿಕ್ಕಿಕೊಳ್ಳುವಷ್ಟು ಆಳದ ಬಿರುಕುಗಳವು. ಇಲ್ಲಿ ಮಣ್ಣಿನ ಬದಲು ಕರಗಿದ ಕಲ್ಲು. ಒಣಗುವುದರ ಬದಲು ಆರುವುದು. ಭೂಮಿಯೊಳಗಿನಿಂದ ಉಕ್ಕಿ ಹರಡಿದ ಲಾವಾರಸ ಮೇಲ್ಮೈಯಿಂದ ತಣಿಯುತ್ತ ಬಂದಂತೆ ಕುಗ್ಗಿ ಬಿರಿಯಿತು. ಬಿರುಕು ಮೇಲಿನಿಂದ ಕೆಳಕ್ಕೆ, ತಂಪು ಇಳಿದ ಹಾದಿಯಲ್ಲಿಯೇ ನೇರವಾಗಿ ಇಳಿಯಿತು. ಮೂರು ಬಿರುಕುಗಳು ಸಮನಾದ ಕೋನದಲ್ಲಿ ಕೂಡಿದರೆ ಆಗುವುದು ಷಟ್ಕೋನ. ಜೇನುಹುಳು ಮೇಣವನ್ನು ಉಳಿಸಲು ಬಳಸುವ ಲೆಕ್ಕವನ್ನೇ ಕಲ್ಲು ತನ್ನ ಆಯಾಸವನ್ನು ಉಳಿಸಲು ಬಳಸಿತು. ಶಿಲ್ಪಿ ಇಲ್ಲಿ ಯಾರೂ ಅಲ್ಲ, ನಿಧಾನವಾದ ತಂಪು. ಇಷ್ಟನ್ನು ಹೇಳಿದ ಮೇಲೆ ಅಜ್ಜಿ ತಲೆದೂಗಿ, “ಹಂಗಾದ್ರ ಇದೂ ಒಂದು ಎರಿಹೊಲಾನಽ ಅನ್ರಿ,” ಎಂದರು. ನಾನು ಅರ್ಧ ಗಂಟೆಯಲ್ಲಿ ಹೇಳಿದುದನ್ನು ಅವರು ಒಂದು ಮಾತಿನಲ್ಲಿ ಮುಗಿಸಿದರು.

ಈ ಕಲ್ಲನ್ನು ಬಸಾಲ್ಟ್ ಎಂದು ಕರೆಯುವ ರೂಢಿ ಬಹಳ ಹಿಂದಿನದು. ಭೂವಿಜ್ಞಾನಿಗಳು ಪರೀಕ್ಷಿಸಿ, ಇದು ಸಿಲಿಕಾ ಅಂಶ ಹೆಚ್ಚಾಗಿರುವ ರಯೊಲೈಟ್ ಮತ್ತು ಡೇಸೈಟ್ ಜಾತಿಯ ಶಿಲೆಯೆಂದು ಹೇಳುತ್ತಾರೆ. ವಯಸ್ಸು ಎಂಟೂವರೆ ಕೋಟಿಯಿಂದ ಒಂಬತ್ತು ಕೋಟಿ ವರ್ಷ. ಆಗ ಈ ಅರಬ್ಬೀ ಸಮುದ್ರವೇ ಇರಲಿಲ್ಲ. ಇಂದು ಸಾವಿರಾರು ಕಿಲೋಮೀಟರ್ ಆಚೆ, ಆಫ್ರಿಕದ ಮಗ್ಗುಲಲ್ಲಿ ಮಲಗಿರುವ ಮಡಗಾಸ್ಕರ್ ನಮ್ಮ ಕರಾವಳಿಗೆ ಅಂಟಿಕೊಂಡಿತ್ತು. ಆ ಎರಡು ನೆಲಗಳು ಬೇರೆಯಾಗುವ ಹೊತ್ತಿನಲ್ಲಿ ಭೂಮಿ ಸೀಳಿ ಹೊರಬಿದ್ದ ಬೆಂಕಿ ಇದು. ಬಳಿಕ ನಮ್ಮ ನೆಲ ಉಗುರು ಬೆಳೆಯುವಂಥ ನಿಧಾನದಿಂದ ಈಶಾನ್ಯಕ್ಕೆ ಸರಿಯಿತು. ನಡುವೆ ಕಡಲು ಹೊಕ್ಕಿತು. ಪಾಲಾದ ಅಣ್ಣತಮ್ಮಂದಿರ ಮನೆಯ ನಡುಗೋಡೆಯಂತೆ, ಒಡೆತನದ ಗುರುತಾಗಿ ಈ ಕಂಬಗಳು ನಮ್ಮ ಪಾಲಿಗೆ ಉಳಿದುವು. ದೋಣಿಗೆ ಅರ್ಧ ಗಂಟೆ ಸಾಕು. ಮನಸ್ಸಿಗೆ ಅಲ್ಲಿಗೆ ತಲುಪಲು ಒಂಬತ್ತು ಕೋಟಿ ವರ್ಷ ಬೇಕು. ಇದಕ್ಕಿಂತ ದುರ್ಗಮವಾದ ದ್ವೀಪ ಇನ್ನಾವುದಿದ್ದೀತು?

ಇಲ್ಲಿ ನಮ್ಮ ಬಾದಾಮಿಯವರು ಸ್ವಲ್ಪ ಹೆಮ್ಮೆಪಡಬಹುದಾದ ಸಂಗತಿಯೊಂದಿದೆ. ಒಂಬತ್ತು ಕೋಟಿಯೆಂದು ಬೆರಗಾಗುವ ನಾವು, ದಿನವೂ ಕಾಣುವ ನಮ್ಮ ಕೆಂಪುಬಂಡೆಗಳ ವಯಸ್ಸನ್ನು ಕೇಳಿಯೇ ಇಲ್ಲ. ಬಾದಾಮಿ ಮಹಾಕೂಟಗಳ ಮರಳುಗಲ್ಲು ಐವತ್ತು ಕೋಟಿ ವರ್ಷಗಳಿಗೂ ಹಿಂದಿನದು. ಆ ಲೆಕ್ಕದಲ್ಲಿ ಮಲ್ಪೆಯ ದ್ವೀಪ ನಮ್ಮ ಗುಡ್ಡಗಳ ಮುಂದೆ ನಿನ್ನೆ ಮೊನ್ನೆ ಹುಟ್ಟಿದ ಕೂಸು. ಹರಿಯುವ ನೀರು ತಂದು ಪದರಪದರವಾಗಿ ಹಾಸಿದ ಮರಳೇ ಗಟ್ಟಿಯಾಗಿ ನಮ್ಮ ಬಂಡೆಯಾಯಿತು. ಅಂದಿನ ನೀರಿನ ತೆರೆಗಳು ಮೂಡಿಸಿದ ಗೆರೆಗಳು ಇಂದಿಗೂ ಕೆಲವು ಹಾಸುಗಲ್ಲುಗಳ ಮೇಲೆ ಕಾಣುತ್ತವೆ. ಏನು ವಿಚಿತ್ರ ನೋಡಿ! ನೀರಿನಲ್ಲಿ ಹುಟ್ಟಿದ ಬಂಡೆ ಇಂದು ಒಣನೆಲದ ನಡುವೆ ಬಿಸಿಲಿಗೆ ಕಾಯುತ್ತಿದೆ. ಒಣನೆಲದ ಮೇಲೆ ಬೆಂಕಿಯಲ್ಲಿ ಹುಟ್ಟಿದ ಬಂಡೆ ಇಂದು ನೀರಿನ ನಡುವೆ ನೆನೆಯುತ್ತಿದೆ. ತವರು ಒಂದು, ಬಾಳುವ ಮನೆ ಒಂದು. ಹೆಣ್ಣುಮಕ್ಕಳಿಗೆ ಮಾತ್ರವೆಂದುಕೊಂಡಿದ್ದ ಈ ಕಟ್ಟಳೆ ಕಲ್ಲಿಗೂ ತಪ್ಪಲಿಲ್ಲ.

ಕಂಬದ ಮಾತು ಬಂದಾಗ ಮಹಾಕೂಟದವರಿಗೆ ಬೇರೊಂದು ಕಂಬ ನೆನಪಾಗಲೇಬೇಕು. ಚಾಲುಕ್ಯ ದೊರೆ ಮಂಗಳೇಶನು ಕ್ರಿ.ಶ. 602ರ ಸುಮಾರಿನಲ್ಲಿ ಮಹಾಕೂಟದಲ್ಲಿ ಧರ್ಮಜಯಸ್ತಂಭವೊಂದನ್ನು ನಿಲ್ಲಿಸಿದನು. ತನ್ನ ವಂಶದ ಹಿರಿಮೆಯನ್ನೂ ಗೆಲುವುಗಳನ್ನೂ ಮಕುಟೇಶ್ವರನಾಥನಿಗೆ ಕೊಟ್ಟ ದತ್ತಿಯನ್ನೂ ಸಂಸ್ಕೃತದಲ್ಲಿ ಅದರ ಮೈಮೇಲೆ ಕೊರೆಯಿಸಿದನು. ಅದೇ ಮಂಗಳೇಶನು ಪಡುಗಡಲಿನಲ್ಲಿ ಸೇನೆಯನ್ನು ನಡೆಸಿ ರೇವತೀದ್ವೀಪವನ್ನು ಗೆದ್ದ ಸಂಗತಿಯನ್ನು 634ರ ಐಹೊಳೆಯ ಶಾಸನದಲ್ಲಿ ಕವಿ ರವಿಕೀರ್ತಿ ಹೇಳಿದ್ದಾನೆ. ಆ ದ್ವೀಪ ಇಂದಿನ ವೆಂಗುರ್ಲೆಯ ಹತ್ತಿರದ ರೇಡಿಯೆಂದು ವಿದ್ವಾಂಸರು ಗುರುತಿಸುತ್ತಾರೆ. ಆದುದರಿಂದ ದ್ವೀಪಯಾತ್ರೆ ನಮ್ಮ ಸೀಮೆಗೆ ಹೊಸತೇನಲ್ಲ. ಹದಿನಾಲ್ಕು ನೂರು ವರ್ಷಗಳ ಹಿಂದೆಯೇ ನಮ್ಮವರು ಹಡಗು ಹತ್ತಿದ್ದರು. ಮಂಗಳೇಶನ ಕಂಬ ಮಾತ್ರ ಈಗ ಮಹಾಕೂಟದಲ್ಲಿಲ್ಲ. ವಿಜಯಪುರದ ಗೋಳಗುಮ್ಮಟದ ವಸ್ತುಸಂಗ್ರಹಾಲಯದಲ್ಲಿ ಅದನ್ನು ಕಾಯ್ದಿರಿಸಿದ್ದಾರೆ.

ಎರಡನೆಯ ಕಂಬ ಕಡಲಾಚೆಯಿಂದ ಬಂದುದು. ವಾಸ್ಕೋ ಡ ಗಾಮ 1497ರಲ್ಲಿ ಪೋರ್ತುಗಲ್ಲಿನಿಂದ ಹೊರಟಾಗ ದೊರೆ ಮನುಯೆಲನ ಅಪ್ಪಣೆಯಂತೆ ಮೂರು ಕಲ್ಲುಕಂಬಗಳನ್ನು ಹಡಗಿನಲ್ಲಿ ಹೇರಿಕೊಂಡಿದ್ದನು. ‘ಪದ್ರಾವ್’ ಎಂದು ಅವುಗಳ ಹೆಸರು. ಹೊಸ ನೆಲ ಕಂಡಲ್ಲಿ ನೆಟ್ಟು ‘ನಾವು ಇಲ್ಲಿಗೆ ಬಂದಿದ್ದೆವು’ ಎಂದು ಸಾರುವುದು ಅವುಗಳ ಕೆಲಸ. ಒಂದು ಸಂತ ರಫಾಯೆಲನ ಹೆಸರಿನದು, ಒಂದು ಸಂತ ಗಾಬ್ರಿಯೆಲನದು, ಮೂರನೆಯದು ಸಾಂತಾ ಮರಿಯಾಳದು. ಮೊದಲನೆಯದನ್ನು ಆಫ್ರಿಕದ ಕರೆಯಲ್ಲಿಯೂ ಎರಡನೆಯದನ್ನು ಕಲ್ಲಿಕೋಟೆಯಲ್ಲಿಯೂ ನಿಲ್ಲಿಸಿದ ಮೇಲೆ, 1498ರ ಸೆಪ್ಟೆಂಬರಿನಲ್ಲಿ ಊರಿಗೆ ಹಿಂದಿರುಗುತ್ತಿದ್ದಾಗ, ನಮ್ಮ ಕರಾವಳಿಯ ಎದುರಿಗಿದ್ದ ಕಿರುದ್ವೀಪವೊಂದರಲ್ಲಿ ಮೂರನೆಯದನ್ನು ನೆಟ್ಟರೆಂದು ಅವನ ಸಂಗಡಿಗನೊಬ್ಬನ ದಿನಚರಿ ತಿಳಿಸುತ್ತದೆ. ಆ ಕಿರುದ್ವೀಪ ಮಲ್ಪೆಯದೇ ಎಂದು ಬಹುಮಂದಿಯ ಅಭಿಪ್ರಾಯ. ಈಗಿನ ಹೆಸರು ಅಲ್ಲಿಂದ ಬಂದುದು. ಕಂಬಗಳಿಂದಲೇ ಆದ ದ್ವೀಪಕ್ಕೆ ಅರ್ಧ ಲೋಕವನ್ನು ಸುತ್ತಿಕೊಂಡು ಒಂದು ಕಂಬವನ್ನು ಹೊತ್ತು ತಂದ ಆ ನಾವಿಕನನ್ನು ನೆನೆದರೆ ನಗು ಬರುತ್ತದೆ. ಇಂದು ಅವನ ಕಂಬ ಅಲ್ಲಿಲ್ಲ. ನಿಂತಿರುವುವು ಯಾರೂ ನೆಡದ ಕಂಬಗಳು. ಯಾವ ದೊರೆಯ ಹೆಸರನ್ನೂ ಹೊರದ ಕಂಬಗಳು. ಇದೇ ದ್ವೀಪಕ್ಕೆ ತೋನ್ಸೆಪಾರ್ ಎಂಬ ಹೆಸರೂ ಉಂಟು. ತೋನ್ಸೆ ಎಂಬುದು ಮಲ್ಪೆಯ ಉತ್ತರಕ್ಕಿರುವ ಊರು. ಎದುರು ದಡದವರು ಇಟ್ಟ ಹೆಸರನ್ನು ನಾವು ಮರೆತೆವು. ದಾರಿಹೋಕನೊಬ್ಬ ಇಟ್ಟ ಹೆಸರನ್ನು ಟಿಕೇಟಿನ ಮೇಲೆ ಅಚ್ಚು ಹಾಕಿಸಿದೆವು.

ಹೆಸರು ಬಿಟ್ಟುಹೋಗುವ ಚಪಲ ದೊರೆಗಳಿಗೂ ನಾವಿಕರಿಗೂ ಮಾತ್ರವಲ್ಲ, ನಮಗೂ ಇದೆ. ನಮ್ಮ ಕಡೆಯ ಪುರಾತನ ಗುಡಿಗಳಲ್ಲಿ ಮೊಳೆಯಿಂದ ಹೆಸರು ಕೊರೆದವರ ಕೈಬರಹವನ್ನು ನೋಡಿ ನೋಡಿ ಸಾಕಾಗಿದೆ. ಆ ದಿನ ದ್ವೀಪದಲ್ಲಿ ನಮ್ಮ ಹುಡುಗನೊಬ್ಬನ ಕೈಯಲ್ಲಿ ಚೂಪಾದ ಕಲ್ಲನ್ನು ಕಂಡೆ. ಷಟ್ಕೋನದ ನಯವಾದ ಮೈಯನ್ನು ಕಂಡ ಯಾರಿಗಾದರೂ ಕೈ ತುರಿಸುವುದು ಸಹಜವೇ. ಅವನನ್ನು ಗದರಿಸಲಿಲ್ಲ. “ಮಂಗಳೇಶ ತನ್ನ ಹೆಸರಿನ ಜೊತೆಗೆ ಒಂದು ದತ್ತಿಯನ್ನೂ ಬರೆಯಿಸಿದ್ದನು. ನೀನು ಈ ದ್ವೀಪಕ್ಕೆ ಏನನ್ನು ಕೊಟ್ಟು ಹೆಸರು ಬರೆಯುತ್ತೀ?” ಎಂದು ಕೇಳಿದೆ. ಅವನು ಕಲ್ಲನ್ನು ಕೆಳಗಿಟ್ಟನು. ಸಂಜೆ ದೋಣಿ ಹತ್ತುವಾಗ ಅವನ ಚೀಲದಲ್ಲಿ ಯಾರೋ ಎಸೆದುಹೋಗಿದ್ದ ಏಳೆಂಟು ಪ್ಲಾಸ್ಟಿಕ್ ಬಾಟಲಿಗಳಿದ್ದುವು. ನಾನು ಹೇಳಿ ಮಾಡಿಸಿದುದಲ್ಲ ಅದು.

ಕಲ್ಲಿಗಿಂತ ದೊಡ್ಡದಾದ ಒಂದು ಕಾಳಜಿಯನ್ನು ಇಲ್ಲಿ ಹೇಳದೆ ಹೋದರೆ ಮೇಷ್ಟರ ಕರ್ತವ್ಯಕ್ಕೆ ಲೋಪ. ಕಂಬಗಳ ಬುಡದಲ್ಲಿ ಪಾಚಿ ಬೆಳೆದಿರುತ್ತದೆ. ಬಂಡೆಯ ಅಂಚಿನಿಂದಾಚೆ ನೀರು ಒಮ್ಮೆಗೇ ಆಳವಾಗುತ್ತದೆ. ನಗುತ್ತ ಬರುವ ಅಲೆ ಕಾಲಿನ ಹಿಡಿತವನ್ನು ತಪ್ಪಿಸಲು ಒಂದು ನಿಮಿಷವೂ ಬೇಡ. 2022ರ ಏಪ್ರಿಲಿನಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಮೂವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಈ ದ್ವೀಪದಲ್ಲಿಯೇ ನೀರುಪಾಲಾದರು. ಹುಡುಗರನ್ನು ಕರೆದುಕೊಂಡು ಹೋಗುವ ಅಧ್ಯಾಪಕನೊಬ್ಬನಿಗೆ ಆ ಸುದ್ದಿಯನ್ನು ಮರೆಯುವುದು ಸಾಧ್ಯವಿಲ್ಲ. ‘ಒಂದೇ ಒಂದು ಫೋಟೋ ಸಾರ್’ ಎಂದು ಅಂಚಿನ ಕಂಬವನ್ನು ತೋರಿಸಿದವರಿಗೆ ಆ ದಿನ ನಾನು ಕಠೋರನಾಗಿಯೇ ಕಂಡಿರಬೇಕು. ಚಿಂತೆಯಿಲ್ಲ. ಎಣಿಸಿಕೊಂಡು ಹೋದಷ್ಟು ತಲೆಗಳನ್ನೂ ಎಣಿಸಿಕೊಂಡೇ ತಂದೆನು. ಒಂಬತ್ತು ಕೋಟಿ ವರ್ಷ ಕಾದುಕೊಂಡಿರುವ ಕಲ್ಲಿಗೆ ಅವಸರವಿಲ್ಲ. ಇಪ್ಪತ್ತು ವರ್ಷದ ಹುಡುಗರಿಗೇ ಅವಸರ.

ನಮ್ಮ ರಾಜ್ಯದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಗುರುತಿಸಿರುವುವುಗಳಲ್ಲಿ ಈ ದ್ವೀಪವೂ ಒಂದು. ಬೆಂಗಳೂರಿನ ಲಾಲ್‌ಬಾಗಿನ ಬಂಡೆ, ಚಿತ್ರದುರ್ಗದ ಹತ್ತಿರ ಮರಡಿಹಳ್ಳಿಯ ದಿಂಬಿನಾಕಾರದ ಲಾವಾಶಿಲೆ, ಕೋಲಾರದ ಚಿನ್ನದ ಗಣಿಯ ಸೀಮೆಯ ಅಗ್ನಿಶಿಲೆಗಳು ಇದರ ಒಡಹುಟ್ಟುಗಳು. ಲಾಲ್‌ಬಾಗಿನ ಬಂಡೆಯ ಮೇಲೆ ಕುಳಿತು ಕಡಲೆಕಾಯಿ ತಿಂದು ಬಂದವರು ನಮ್ಮಲ್ಲಿ ಲಕ್ಷಗಟ್ಟಲೆ ಇರಬಹುದು. ಅದು ಸ್ಮಾರಕವೆಂದು ತಿಳಿದವರು ಎಷ್ಟು ಜನ? ಗುಡಿ ಗೋಪುರಗಳು ಮಾತ್ರ ಸ್ಮಾರಕಗಳೆಂದು ಭಾವಿಸಿರುವ ನಮಗೆ, ಮನುಷ್ಯನು ಹುಟ್ಟುವ ಮುಂಚಿನ ಚರಿತ್ರೆಯೂ ನಮ್ಮದೇ ಎಂಬ ಭಾವ ಇನ್ನೂ ಬರಬೇಕಾಗಿದೆ. ಅದು ಬಂದರೆ ಯಾವ ಕಾವಲುಗಾರನ ಸೀಟಿಯೂ ಬೇಕಾಗುವುದಿಲ್ಲ.

ಮಳೆಗಾಲದಲ್ಲಿ ದೋಣಿಗಳು ಆ ಕಡೆ ಹೋಗುವುದಿಲ್ಲ. ದಸರೆಯ ಬಳಿಕ ಬೇಸಿಗೆಯ ಕೊನೆಯವರೆಗೆ ಯಾವಾಗ ಬೇಕಾದರೂ ಸಂಸಾರಸಮೇತರಾಗಿ ಹೋಗಿಬನ್ನಿ. ಕುಡಿಯುವ ನೀರನ್ನು ಒಯ್ಯಿರಿ, ಒಯ್ದ ಬಾಟಲಿಯನ್ನು ತನ್ನಿರಿ. ಮಕ್ಕಳು ಕಂಬದ ಮೂಲೆಗಳನ್ನು ಎಣಿಸಲಿ. ಹಿರಿಯರು ನೆರಳಿನಲ್ಲಿ ಕುಳಿತು, ಈ ನೀರಿನ ಆಚೆಯ ದಡ ಒಂದು ಕಾಲದಲ್ಲಿ ಕೈಗೆ ಎಟಕುವಷ್ಟು ಹತ್ತಿರವಿತ್ತೆಂಬುದನ್ನು ನೆನೆಯಲಿ. ಬರುವಾಗ ಒಂದು ಕಲ್ಲಿನ ಚೂರನ್ನೂ ತರಬೇಡಿ, ಒಂದು ಅಕ್ಷರವನ್ನೂ ಬಿಟ್ಟುಬರಬೇಡಿ. ಬಂದವರೆಲ್ಲ ತಾವು ಬಂದುದನ್ನು ಸಾರಲು ಕಂಬ ನೆಟ್ಟ ಲೋಕದಲ್ಲಿ, ಏನನ್ನೂ ಸಾರದೆ ನಿಂತ ಕಂಬಗಳು ಇಷ್ಟು ಉಳಿದಿವೆ. ಅವು ಹಾಗೆಯೇ ನಿಂತಿರಲಿ.